ಕೀವು ಬಂದಿದ್ದರೂ ಕಲ್ಚರ್ ರಿಪೋರ್ಟ್‌ನಲ್ಲಿ ‘ನೋ ಗ್ರೋತ್’ ಯಾಕೆ?

ಪ್ರಶ್ನೆ: ತಂದೆಯವರಿಗೆ ಹುಳುಕು ಹಲ್ಲಿನಿಂದ ದವಡೆಯ ಕೆಳಗೆ ಬಾವು ಬಂದು, ಕೊಯ್ದು ಕೀವು ತೆಗೆದರು. ಪಕ್ಕದಲ್ಲಿ ನಿಲ್ಲಲಾಗದಷ್ಟು ದುರ್ವಾಸನೆ. ಆದರೆ ಕಲ್ಚರ್ ರಿಪೋರ್ಟ್‌ನಲ್ಲಿ ‘ನೋ ಗ್ರೋತ್’ ಎಂದು ಬಂದಿದೆ. ಸೋಂಕೇ ಇಲ್ಲ ಎಂದಮೇಲೆ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಯಾಕೆ ಮುಂದುವರಿಸಬೇಕು?

ಉತ್ತರ: ವೈದ್ಯರು ಹೇಳಿದಷ್ಟು ದಿನ ಮುಂದುವರಿಸಿ. ಕಲ್ಚರ್ ಎಂದರೆ ಕೀವಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಲ್ಯಾಬ್‌ನವರು ಒದಗಿಸಿದ ಪರಿಸ್ಥಿತಿಯಲ್ಲಿ ಏನೂ ಬೆಳೆಯಲಿಲ್ಲ ಎಂಬುದಷ್ಟೇ ‘ನೋ ಗ್ರೋತ್’ನ ಅರ್ಥ. ರಿಪೋರ್ಟನ್ನು ಇನ್ನೊಮ್ಮೆ ತೆಗೆದು ಸಣ್ಣ ಅಕ್ಷರಗಳನ್ನು ಓದಿ ನೋಡಿ. ‘48 ಗಂಟೆಗಳ ಏರೋಬಿಕ್ ಇನ್‌ಕ್ಯುಬೇಶನ್ ನಂತರ’ ಎಂಬಂಥ ಮಾತು ಸಾಮಾನ್ಯವಾಗಿ ಎಲ್ಲೋ ಇರುತ್ತದೆ. ಎಂದರೆ ಮಾದರಿಯನ್ನು ಮಾಮೂಲಿ ಗಾಳಿಯಲ್ಲಿ ಬೆಳೆಸಿದ್ದಾರೆ. ಹಲ್ಲಿನ ಬೇರಿನಿಂದ ಹುಟ್ಟುವ ಬಾವಿನಲ್ಲಿ ಮೇಲುಗೈ ಇರುವುದು ಗಾಳಿಯಲ್ಲಿನ ಆಮ್ಲಜನಕವನ್ನು ಸಹಿಸದ ಬ್ಯಾಕ್ಟೀರಿಯಾಗಳದ್ದು. ಲ್ಯಾಬ್‌ನವರು ಅವನ್ನು ಅನೇರೋಬ್ ಎನ್ನುತ್ತಾರೆ. ಮೀನನ್ನು ದಂಡೆಯ ಮೇಲೆ ಎಸೆದು, ಕೆರೆಯಲ್ಲಿ ಮೀನೇ ಇಲ್ಲ ಎಂದ ಹಾಗಾಯಿತು.

ಇವು ಹೊರಗಿನಿಂದ ಬಂದವಲ್ಲ. ಪ್ರಿವೊಟೆಲ್ಲಾ, ಫ್ಯೂಸೋಬ್ಯಾಕ್ಟೀರಿಯಂ, ಪೆಪ್ಟೊಸ್ಟ್ರೆಪ್ಟೊಕಾಕಸ್ ಮುಂತಾದವು ಆರೋಗ್ಯವಂತರ ವಸಡಿನ ಸಂದಿಯಲ್ಲೂ ಇರುತ್ತವೆ. ದೊಡ್ಡ ಕರುಳಿನಲ್ಲಂತೂ ಗಾಳಿಯಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾಕ್ಕೆ ಸುಮಾರು ಸಾವಿರ ಅನೇರೋಬ್‌ಗಳು. ತಮ್ಮ ಜಾಗದಲ್ಲಿ ಇರುವವರೆಗೆ ತಂಟೆಯಿಲ್ಲ. ಹಲ್ಲು ಹುಳುಕಾಗಿ ತಿರುಳು ಸತ್ತಾಗ, ಅಪೆಂಡಿಕ್ಸ್ ಒಡೆದಾಗ, ಪ್ರಜ್ಞೆ ತಪ್ಪಿದವರ ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದಾಗ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ರಕ್ತ ಸಂಚಾರ ಕುಂದಿದಾಗ ಇವು ಸಲ್ಲದ ಜಾಗ ಸೇರುತ್ತವೆ. ಅಲ್ಲಿ ಒಂಟಿಯಾಗಿ ಬೇರೂರುವುದು ಕಡಿಮೆ. ಇ. ಕೋಲೈ, ಸ್ಟ್ರೆಪ್ಟೊಕಾಕಸ್‌ನಂಥವು ಇದ್ದಬದ್ದ ಆಮ್ಲಜನಕವನ್ನು ತಿಂದು ಮುಗಿಸಿದ ಮೇಲೆ ಅನೇರೋಬ್‌ಗಳ ಕಾರುಬಾರು ಶುರು. ನೀವು ಹೇಳಿದ ದುರ್ವಾಸನೆ ಅವು ಬಿಡುವ ಕೊಬ್ಬಿನಾಮ್ಲಗಳು ಮತ್ತು ಗಂಧಕದ ಸಂಯುಕ್ತಗಳದ್ದು. ಆ ವಾಸನೆ ಇದ್ದರೆ ಅನೇರೋಬ್ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ವಾಸನೆ ಇಲ್ಲದಿದ್ದರೆ ಅನೇರೋಬ್ ಇಲ್ಲ ಎನ್ನಲು ಮಾತ್ರ ಬರುವುದಿಲ್ಲ.

ಮಾದರಿ ಕೆಡುವುದು ಸಾಮಾನ್ಯವಾಗಿ ಲ್ಯಾಬ್ ತಲುಪುವ ಮೊದಲೇ. ಹತ್ತಿ ಸುತ್ತಿದ ಸ್ವಾಬ್ ಕಡ್ಡಿಯಿಂದ ಗಾಯವನ್ನು ಒರೆಸಿ ಕಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹತ್ತಿಯ ಎಳೆಗಳ ನಡುವೆ ಗಾಳಿ ಇರುತ್ತದೆ, ಹಿಡಿಯುವ ಕೀವು ಒಂದೆರಡು ಹನಿ, ಅದೂ ದಾರಿಯಲ್ಲಿ ಒಣಗುತ್ತದೆ. ಸರಿಯಾದ ಕ್ರಮ ಹೀಗೆ: ಬಾವಿನ ಮೇಲಿನ ಚರ್ಮವನ್ನು ಶುದ್ಧ ಮಾಡಿ, ಕೊಯ್ಯುವ ಮೊದಲೇ ಸೂಜಿ ಹಾಕಿ ಒಳಗಿನ ಕೀವನ್ನು ಸಿರಿಂಜಿಗೆ ಎಳೆಯಬೇಕು. 2-3 ಮಿ.ಲೀ. ಸಿಕ್ಕರೆ ಒಳ್ಳೆಯದು, ಕೀವು ಹೆಚ್ಚಿದ್ದಷ್ಟೂ ಅದರೊಳಗಿನ ಅನೇರೋಬ್‌ಗಳು ಹೆಚ್ಚು ಹೊತ್ತು ಬದುಕುತ್ತವೆ. ಸಿರಿಂಜಿನೊಳಗಿನ ಗಾಳಿಗುಳ್ಳೆಗಳನ್ನು ಹೊರದೂಡಿ, ಸೂಜಿ ತೆಗೆದು, ಮುಚ್ಚಳ ಬಿಗಿದು ಅರ್ಧ ಗಂಟೆಯೊಳಗೆ ಕಳಿಸಬೇಕು. ತಡವಾಗುವಂತಿದ್ದರೆ ರಾಬರ್ಟ್‌ಸನ್ ಕುಕ್ಡ್ ಮೀಟ್ ಮಾಧ್ಯಮದ (ಬೇಯಿಸಿದ ಮಾಂಸದ ಚೂರುಗಳಿರುವ ಪೋಷಕ ದ್ರವ) ಬಾಟಲಿಯಲ್ಲೋ ಅನೇರೋಬಿಕ್ ಸಾಗಣೆಗೆಂದೇ ಬರುವ ಟ್ಯೂಬಿನಲ್ಲೋ ಹಾಕಬೇಕು. ಫ್ರಿಜ್ಜಿನಲ್ಲಿ ಇಡಬಾರದು: ತಣ್ಣಗಾದ ದ್ರವದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಕೆಲವು ಅನೇರೋಬ್‌ಗಳಿಗೆ ಚಳಿಯೂ ಆಗದು. ಇನ್ನು ಬಯಾಪ್ಸಿಯ ಅಭ್ಯಾಸದಲ್ಲಿ ಯಾರಾದರೂ ಫಾರ್ಮಾಲಿನ್ ಡಬ್ಬಿಗೆ ಹಾಕಿಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ಫಾರ್ಮಾಲಿನ್‌ನಲ್ಲಿ ಎಲ್ಲ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ಅನೇರೋಬಿಕ್ ಕಲ್ಚರನ್ನು ಪ್ರತ್ಯೇಕವಾಗಿ ಬರೆದು ಕೇಳಬೇಕು, ‘ಪಸ್ ಕಲ್ಚರ್’ ಎಂದಷ್ಟೇ ಬರೆದರೆ ಹೆಚ್ಚಿನ ಲ್ಯಾಬ್‌ಗಳಲ್ಲಿ ಮಾಡುವುದಿಲ್ಲ. ಕೆಲವು ಕಡೆ ಸೌಲಭ್ಯವೇ ಇರುವುದಿಲ್ಲ. ಇದ್ದಲ್ಲಿ ಕೆಲಸ ನಡೆಯುವುದು ಗಾಳಿಯಾಡದ ಜಾಡಿಯೊಂದರಲ್ಲಿ. ರಕ್ತ, ಹೀಮಿನ್, ವಿಟಮಿನ್ ಕೆ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಗಳ ಮೇಲೆ ಕೀವನ್ನು ಹರಡಿ, 5 ಮೈಕ್ರೊಗ್ರಾಂ ಮೆಟ್ರೊನಿಡಜೋಲ್ ಇರುವ ಪುಟ್ಟ ಬಿಲ್ಲೆಯನ್ನು ಇಟ್ಟು, ಜಾಡಿಯಲ್ಲಿ ಜೋಡಿಸಿ, ಆಮ್ಲಜನಕ ತೆಗೆಯುವ ಪೊಟ್ಟಣದೊಂದಿಗೆ ಮುಚ್ಚುತ್ತಾರೆ. ಜಾಡಿಯೊಳಗೆ ಮೆಥಿಲೀನ್ ಬ್ಲೂ ಪಟ್ಟಿ ಇರುತ್ತದೆ. ಆಮ್ಲಜನಕ ಪೂರ್ತಿ ಹೋದರೆ ನೀಲಿ ಬಣ್ಣ ಮಾಯವಾಗಿ ಪಟ್ಟಿ ಬಿಳಿಯಾಗುತ್ತದೆ. ನೀಲಿಯಾಗಿಯೇ ಉಳಿದರೆ ಆ ಸಲದ ಕಲ್ಚರ್ ದಂಡ. ಹಳೆಯ ಮಾದರಿಯ ಜಾಡಿಗಳಲ್ಲಿ ಪಲ್ಲೇಡಿಯಂ ಗುಳಿಗೆಗಳು ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಕೂಡಿಸಿ ನೀರು ಮಾಡುತ್ತವೆ. ಅದೇ ನೀರಿನಿಂದ ಗುಳಿಗೆಗಳು ಒದ್ದೆಯಾಗಿ ಮುಂದಿನ ಸಲ ಕೈಕೊಡುವುದರಿಂದ ಪ್ರತಿ ಬಳಕೆಯ ನಂತರ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಎರಡು ಗಂಟೆ ಒಣಗಿಸಬೇಕು. ಇದನ್ನು ಮರೆತ ಲ್ಯಾಬ್‌ನಿಂದ ಸಾಲುಸಾಲಾಗಿ ‘ನೋ ಗ್ರೋತ್’ ರಿಪೋರ್ಟ್‌ಗಳು ಬರುತ್ತವೆ.

ಜಾಡಿಯನ್ನು 48 ಗಂಟೆ ತೆರೆಯುವ ಹಾಗಿಲ್ಲ. ಆಗಷ್ಟೇ ಬೆಳೆಯತೊಡಗಿದ ಅನೇರೋಬ್‌ಗಳಿಗೆ ಗಾಳಿ ಸೋಕಿದರೆ ಬೆಳವಣಿಗೆ ನಿಂತುಬಿಡುತ್ತದೆ. ಮೆಟ್ರೊನಿಡಜೋಲ್‌ಗೆ ಜಗ್ಗುವುದು ಮುಖ್ಯವಾಗಿ ಅನೇರೋಬ್‌ಗಳೇ ಆದ್ದರಿಂದ, ತೆರೆದಾಗ ಬಿಲ್ಲೆಯ ಸುತ್ತ ಏನೂ ಬೆಳೆಯದ ಸ್ಪಷ್ಟ ವೃತ್ತ ಕಂಡರೆ ಅನೇರೋಬ್ ಇದೆ ಎಂಬ ಗುಮಾನಿ ಬಲವಾಗುತ್ತದೆ. ಏನೂ ಕಾಣದಿದ್ದರೆ ತಟ್ಟೆಗಳನ್ನು ಮತ್ತೆ ಮುಚ್ಚಿ 5ರಿಂದ 7 ದಿನ ಇಡಬೇಕು. ದವಡೆಯಲ್ಲಿ ಹಳದಿ ಕಾಳಿನಂಥ ಚೂರುಗಳನ್ನು ಉದುರಿಸುವ ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಎರಡು ವಾರವೂ ಹಿಡಿಯಬಹುದು. ಅಷ್ಟು ದಿನ ಚಿಕಿತ್ಸೆ ಕಾಯುವುದಿಲ್ಲ, ಆದ್ದರಿಂದ ವೈದ್ಯರು ಜಾಗ ಮತ್ತು ವಾಸನೆ ನೋಡಿಯೇ ಔಷಧಿ ಶುರು ಮಾಡುತ್ತಾರೆ. ಕಲ್ಚರ್‌ಗಿಂತ ಬೇಗ ಸಿಗುವ ಸುಳಿವು ಗ್ರಾಮ್ ಸ್ಟೇನ್, ಎಂದರೆ ಕೀವಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಅದರ ಫಲಿತಾಂಶ ಒಂದು ಗಂಟೆಯೊಳಗೂ ಸಿಗಬಹುದು. ಅದರಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಕಂಡೂ ಮಾಮೂಲಿ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಅನೇರೋಬ್ ಕಡೆಗೆ. ನಿಮ್ಮ ರಿಪೋರ್ಟ್‌ನಲ್ಲಿ ಗ್ರಾಮ್ ಸ್ಟೇನ್‌ನ ಸಾಲು ಇದೆಯೇ ನೋಡಿ.

ಎಲ್ಲ ‘ನೋ ಗ್ರೋತ್’ಗೂ ಅನೇರೋಬೇ ಕಾರಣವಲ್ಲ. ಕೀವು ತೆಗೆಯುವ ಮೊದಲೇ ಆಂಟಿಬಯಾಟಿಕ್ ನುಂಗಿದ್ದರೂ ಹೀಗೇ ಬರುತ್ತದೆ. ಕುತ್ತಿಗೆಯಲ್ಲಿ ಬಿಸಿ, ಕೆಂಪು ಇಲ್ಲದೆ ವಾರಗಟ್ಟಲೆ ನಿಧಾನವಾಗಿ ಬೆಳೆದ ಗಂಟಿನ ಕೀವಾದರೆ ಕ್ಷಯವನ್ನು ನೆನೆಯಬೇಕು, ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಕೇಳಬೇಕು. ಯಕೃತ್ತಿನಿಂದ ತೆಗೆದ, ವಾಸನೆಯಿಲ್ಲದ ಕಂದು ಕೀವು ಅಮೀಬಾದ್ದಿರಬಹುದು.

ಔಷಧಿಯ ವಿಷಯಕ್ಕೆ ಬಂದರೆ, ಮೆಟ್ರೊನಿಡಜೋಲ್ ಈ ಗುಂಪಿಗೆ ಹೇಳಿ ಮಾಡಿಸಿದಂತಿದೆ. ಆಮ್ಲಜನಕವಿಲ್ಲದ ಜೀವಕೋಶದೊಳಗೆ ಹೋದಮೇಲಷ್ಟೇ ಅದು ವಿಷವಾಗಿ ಮಾರ್ಪಟ್ಟು ಡಿಎನ್‌ಎಯನ್ನು ತುಂಡರಿಸುತ್ತದೆ. ಈ ಗುಣ ಗೊತ್ತಾದದ್ದು ಆಕಸ್ಮಿಕವಾಗಿ: ಟ್ರೈಕೊಮೊನಾಸ್ ಎಂಬ ಪರೋಪಜೀವಿಗೆಂದು ಕೊಟ್ಟಾಗ ರೋಗಿಯೊಬ್ಬರ ವಸಡಿನ ಹುಣ್ಣೂ ವಾಸಿಯಾಯಿತೆಂದು 1962ರಲ್ಲಿ ವರದಿಯಾಯಿತು. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆಂಟಿಬಯಾಟಿಕ್‌ಗಳು ಇದಕ್ಕೆ ವಿರುದ್ಧ. ಅವು ಜೀವಕೋಶದೊಳಗೆ ಸೇರಲು ಆಮ್ಲಜನಕ ಬಳಸುವ ವ್ಯವಸ್ಥೆಯೇ ಬೇಕಾದ್ದರಿಂದ ಅನೇರೋಬ್‌ಗೆ ತಾಗುವುದೇ ಇಲ್ಲ. ಹಾಗೆಂದು ಮೆಟ್ರೊನಿಡಜೋಲ್ ಒಂದೇ ಸಾಲದು. ಬಾಯಿಯ ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್ ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿಯೇ ಜೊತೆಗೆ ಅಮಾಕ್ಸಿಸಿಲಿನ್‌ನಂಥದ್ದನ್ನು ಬರೆಯುತ್ತಾರೆ. ಎರಡರಲ್ಲಿ ಒಂದನ್ನು ನೀವಾಗಿ ಬಿಡಬೇಡಿ.

ಮಾತ್ರೆಗಿಂತ ಮುಖ್ಯ ಕೆಲಸ ಕೀವು ತೆಗೆದದ್ದು. ಕೀವಿನ ಗೂಡಿನೊಳಗೆ ರಕ್ತನಾಳ ಇಲ್ಲದ್ದರಿಂದ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಮೂಲದ ಹಲ್ಲನ್ನು ಕೀಳಿಸುವುದೋ ರೂಟ್ ಕೆನಾಲ್ ಮಾಡಿಸುವುದೋ ಆಗದಿದ್ದರೆ ಬಾವು ಮರುಕಳಿಸುವ ಸಂಭವ ಹೆಚ್ಚು. ಈ ನಡುವೆ ತಂದೆಯವರಿಗೆ ಬಾಯಿ ತೆರೆಯಲು ಕಷ್ಟವಾದರೆ, ನಾಲಿಗೆಯ ಕೆಳಭಾಗ ಗಟ್ಟಿಯಾಗಿ ನಾಲಿಗೆ ಮೇಲೆದ್ದರೆ, ಎಂಜಲು ನುಂಗಲಾಗದೆ ಸೋರಿದರೆ, ಉಸಿರಾಟದಲ್ಲಿ ಸದ್ದು ಬಂದರೆ ರಾತ್ರಿಯಾದರೂ ಸರಿ, ದೊಡ್ಡಾಸ್ಪತ್ರೆಗೆ ಹೊರಡಿ. ಇದು ಲುಡ್ವಿಗ್ ಆಂಜೈನಾ ಎಂಬ ಸ್ಥಿತಿ ಇರಬಹುದು; ಊತ ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತದೆ.

ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಬಾಯಲ್ಲಿ ಲೋಹದ ರುಚಿ, ವಾಕರಿಕೆ, ಕೆಲವರಿಗೆ ಮೂತ್ರ ಕಡುಬಣ್ಣಕ್ಕೆ ತಿರುಗುವುದು ಮಾಮೂಲು. ಊಟದ ಜೊತೆ ನುಂಗಿದರೆ ವಾಕರಿಕೆ ತಗ್ಗುತ್ತದೆ. ಕೈಕಾಲು ಜೋಮು ಹಿಡಿದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ. ತಂದೆಯವರು ರಕ್ತ ತೆಳುವಾಗಿಸಲು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಇವತ್ತೇ ಹೇಳಿ. ಮೆಟ್ರೊನಿಡಜೋಲ್ ಅದರ ಪ್ರಭಾವವನ್ನು ಹೆಚ್ಚಿಸುವುದರಿಂದ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತಿಳಿಸುವ ಐಎನ್‌ಆರ್ ಪರೀಕ್ಷೆಯನ್ನು ಬೇಗ ಮಾಡಿಸಿ ವಾರ್ಫರಿನ್ ಪ್ರಮಾಣವನ್ನು ಸರಿಹೊಂದಿಸಬೇಕಾಗಬಹುದು.