‘ಡೀಫಾಲ್ಟ್‌ಗೆ ಹಾಕಿ’ ಅಂದರೆ ಯಾವುದಕ್ಕೆ?

“ಮೇಲ್ ಹೋಗ್ತಿಲ್ಲ ಸರ್, ಸುಮ್ನೆ ಡೀಫಾಲ್ಟ್‌ಗೆ ಹಾಕಿಬಿಡಿ.” ಶಿವಮೊಗ್ಗದಲ್ಲಿ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡ ಅಡಿಕೆ ಮಂಡಿಯವರಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಅವರಿಗೆ ಬೇಕಿರುವುದು ಹೋದ ವಾರ ಸರಿಯಾಗಿ ಓಡುತ್ತಿದ್ದ ಸೆಟ್ಟಿಂಗ್. ಅದು ಸಿಗುವುದು ಬ್ಯಾಕಪ್‌ನಲ್ಲಿ, ಡೀಫಾಲ್ಟ್‌ನಲ್ಲಿ ಅಲ್ಲ.

ಪದ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ಅದರ ಅರ್ಥ ಕೊರತೆ, ತಪ್ಪುವಿಕೆ. ‘ಫಾಲ್ಟ್’ ಕೂಡ ಅದೇ ಬೇರಿನದು. ಸಾಲದ ಕಂತು ಕಟ್ಟದಿದ್ದರೆ ಬ್ಯಾಂಕಿನವರು ಡೀಫಾಲ್ಟ್ ಅನ್ನುತ್ತಾರೆ. ನಮ್ಮ ಸೊಸೈಟಿಗಳಲ್ಲಿ ಅದೇ ಸುಸ್ತಿ, ಕಟ್ಟದವನು ಸುಸ್ತಿದಾರ. ಕೋರ್ಟಿಗೆ ಪ್ರತಿವಾದಿ ಬರದಿದ್ದರೆ ಅವನಿಲ್ಲದೆಯೇ ತೀರ್ಪಾಗುತ್ತದೆ, ಅದೂ ಡೀಫಾಲ್ಟೇ. ಎರಡು ಕಡೆಯೂ ಮಾಡಬೇಕಾದವರು ಮಾಡಲಿಲ್ಲ, ಅಷ್ಟೇ. ಕಂಪ್ಯೂಟರಿನಲ್ಲೂ ಹಾಗೆಯೇ: ನೀವು ಏನೂ ಹೇಳದಿದ್ದಾಗ ಪ್ರೋಗ್ರಾಂ ತಾನೇ ಹಿಡಿದುಕೊಳ್ಳುವ ಬೆಲೆ, ಅಂದರೆ ಸೆಟ್ಟಿಂಗ್‌ನ ಮೌಲ್ಯ, ಡೀಫಾಲ್ಟ್. ಇದಕ್ಕೆ ‘ಸರಿಯಾದದ್ದು’ ಅನ್ನುವ ಅರ್ಥ ಯಾರು ಅಂಟಿಸಿದರೋ!

ಮೇಲ್ ಸರ್ವರ್ ನಡೆಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್ ನೋಡಿ. ಅದರ ಮುಖ್ಯ ಸೆಟ್ಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಒಂದು ಸಾಲು ಇಲ್ಲದಿದ್ದರೆ ಪ್ರೋಗ್ರಾಮಿನ ಒಳಗೇ ಇರುವ ಬೆಲೆ ಜಾರಿಗೆ ಬರುತ್ತದೆ. ‘ಪೋಸ್ಟ್‌ಕಾನ್ಫ್ -ಡಿ’ ಅನ್ನುವ ಕಮಾಂಡ್ ಕೊಟ್ಟರೆ ಅವೆಲ್ಲ ಕಾಣುತ್ತವೆ, ‘-ಎನ್’ ಕೊಟ್ಟರೆ ನೀವು ಬರೆದದ್ದು ಮಾತ್ರ. ಒಂದು ಇ-ಮೇಲ್‌ನ ಗಾತ್ರದ ಮಿತಿ ಡೀಫಾಲ್ಟ್‌ನಲ್ಲಿ 1,02,40,000 ಬೈಟ್. ಪಾಸ್‌ವರ್ಡ್ ಕೇಳಿ ಮೇಲ್ ಕಳಿಸಲು ಬಿಡುವ ಸೌಲಭ್ಯ ಡೀಫಾಲ್ಟ್‌ನಲ್ಲಿ ಬಂದ್. ಹಾಗಾಗಿ ‘ಡೀಫಾಲ್ಟ್‌ಗೆ ಹಾಕಿದ’ ಮೇಲೆ ತೀರ್ಥಹಳ್ಳಿ ಬ್ರಾಂಚಿನಿಂದ ಹೊರಗಿನವರಿಗೆ ಕಳಿಸಿದ ಮೇಲ್ ‘ರಿಲೇ ಆಕ್ಸೆಸ್ ಡಿನೈಡ್’ (ಮುಂದಕ್ಕೆ ದಾಟಿಸಲು ಅನುಮತಿ ಇಲ್ಲ) ಅಂತ ವಾಪಸ್ ಬರುತ್ತದೆ. ಅದು ಹಾಳಾದದ್ದಲ್ಲ, ಡೀಫಾಲ್ಟ್ ಇರುವುದೇ ಹಾಗೆ.

ಪೋಸ್ಟ್‌ಫಿಕ್ಸ್‌ನ ಇನ್ನೊಂದು ಫೈಲ್ ಮಾಸ್ಟರ್.ಸಿಎಫ್ ಕಥೆ ಬೇರೆ. ಯಾವ ಸೇವೆ ಹೇಗೆ ಓಡಬೇಕು ಅನ್ನುವುದಕ್ಕೆ ಪ್ರೋಗ್ರಾಮಿನ ಒಳಗೆ ಬದಲಿ ಇಲ್ಲ, ಫೈಲ್ ಇರಲೇಬೇಕು. ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್‌ಗಳಲ್ಲಿ ಇದರ ಮಾದರಿ /ಯುಎಸ್ಆರ್/ಷೇರ್/ಪೋಸ್ಟ್‌ಫಿಕ್ಸ್ ಒಳಗೆ ‘.ಡಿಸ್ಟ್’ ಬಾಲದೊಂದಿಗೆ ಸಿಗುತ್ತದೆ. ಈಗಿರುವುದನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟು ಆಮೇಲೆ ಕಾಪಿ ಮಾಡಿ.

ಇನ್ನು ‘ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಆದರೂ ಹಾಗೇ ಇದೆ’ ಅನ್ನುವವರು. ಹಾಗೇ ಇರುತ್ತದೆ ಮಾರಾಯ್ರೆ! ಪ್ರೋಗ್ರಾಂ ತೆಗೆಯಲು ‘ರಿಮೂವ್’ ಕೊಟ್ಟರೆ ಕಾನ್ಫಿಗರೇಶನ್ (ಸೆಟ್ಟಿಂಗ್) ಫೈಲುಗಳು ಉಳಿದುಕೊಳ್ಳುತ್ತವೆ. ಅವನ್ನೂ ಅಳಿಸುವುದು ‘ಪರ್ಜ್’. ಅದನ್ನು ಒತ್ತಿದ ಮೇಲೆ ನನಗೆ ಫೋನ್ ಮಾಡಿ ‘ಹಳೆಯದು ವಾಪಸ್ ಬರುತ್ತಾ’ ಅಂತ ಕೇಳಬೇಡಿ.