ಹಳೆಯ ವಾಲ್ವ್ ಆಂಪ್ಲಿಫೈಯರೋ, ಹೊಸದೋ? ಮುಗಿಯದ ವಾದದ ಹಿನ್ನೆಲೆ

ಮನೆಯಲ್ಲಿ ಸಂಗೀತ ಕೇಳಲು ವಾಲ್ವ್ (ಟ್ರಾನ್ಸಿಸ್ಟರಿಗೆ ಮೊದಲು ಬಳಕೆಯಲ್ಲಿದ್ದ, ಒಳಗೆ ಗಾಳಿಯಿಲ್ಲದ ಗಾಜಿನ ಕೊಳವೆ) ಆಂಪ್ಲಿಫೈಯರ್ ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ಒಂದು ಹಳೆಯ ಜಗಳ. ಐವತ್ತು–ಅರವತ್ತರ ದಶಕದ್ದನ್ನು ಕೊಂಡು ರಿಪೇರಿ ಮಾಡಿಸಬೇಕೋ, ಈಗ ತಯಾರಾಗುವುದನ್ನೇ ತರಬೇಕೋ? ಎರಡೂ ಕಡೆಯವರ ಮಾತು ಕೇಳಿದರೆ ಗೊಂದಲ ಹೆಚ್ಚುತ್ತದೆ, ಏಕೆಂದರೆ ‘ಹಳೆಯದು’, ‘ಹೊಸದು’ ಎಂಬ ಪದಗಳೇ ಈಗ ಕಲಸಿಹೋಗಿವೆ. 1960ರ ಆಂಪ್ಲಿಫೈಯರ್ ಎಂದು ಮಾರುವ ಪೆಟ್ಟಿಗೆಯೊಳಗಿನ ಕೆಪಾಸಿಟರ್, ರೆಸಿಸ್ಟರ್, ವಾಲ್ವ್‌ಗಳೆಲ್ಲ ಮೊನ್ನೆ ಮೊನ್ನೆ ಹಾಕಿದವಿರಬಹುದು. ಮೂಲದ್ದೆಂದು ಉಳಿದಿರುವುದು ಟ್ರಾನ್ಸ್‌ಫಾರ್ಮರ್ ಮತ್ತು ಚಾಸಿ, ಅಂದರೆ ಲೋಹದ ಚೌಕಟ್ಟು, ಮಾತ್ರ. ಇತ್ತ ಹೊಸದೆಂದು ಬರುವ ಎಷ್ಟೋ ಆಂಪ್ಲಿಫೈಯರ್‌ಗಳ ಸರ್ಕ್ಯೂಟ್ ಅಜ್ಜನ ಕಾಲದ್ದು. ಅಮೆರಿಕದ ಮೆಕಿಂಟಾಷ್ ಕಂಪನಿಯ 1961ರ ಎಂಸಿ275 ಆಂಪ್ಲಿಫೈಯರ್ 1993ರಲ್ಲಿ ಮರುಹುಟ್ಟು ಪಡೆಯಿತು. ಮುಲ್ಲಾರ್ಡ್ ಎಂಬ ಬ್ರಿಟಿಷ್ ಹೆಸರು ಹೊತ್ತು ಇಂದು ಬರುವ ವಾಲ್ವ್ ತಯಾರಾಗುವುದು ರಷ್ಯಾದ ಸರಾತೋವ್‌ನಲ್ಲಿ.

1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮಾಡಿದ ಆಡಿಯಾನ್ ಎಂಬ ಆರಂಭದ ವಾಲ್ವ್‌ನಿಂದ ಹಿಡಿದು ಮೂವತ್ತರ ದಶಕದ ಸಿನಿಮಾ ಮಂದಿರಗಳ 300ಬಿ ವಾಲ್ವ್, 1936ರ 6ಎಲ್6 ವಾಲ್ವ್, ಆಮೇಲೆ ಎರಡನೇ ಮಹಾಯುದ್ಧ – ಅಲ್ಲಿಯವರೆಗಿನ ಕಥೆ ವಾಲ್ವ್‌ನದು. ಮನೆಯ ಆಂಪ್ಲಿಫೈಯರ್ ಕಥೆ ನಿಜಕ್ಕೂ ಶುರುವಾಗುವುದು 1947ರಲ್ಲಿ. ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಪ್ರಕಟಿಸಿದ 15 ವ್ಯಾಟ್‌ನ ವಿನ್ಯಾಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ (ವಾಲ್ವ್ ಮತ್ತು ಸ್ಪೀಕರ್ ನಡುವಿನ ಸುರುಳಿಗಳ ಭಾಗ) ಒಳಗೊಂಡು 20 ಡೆಸಿಬೆಲ್ ಫೀಡ್‌ಬ್ಯಾಕ್ ಕೊಟ್ಟಿತು, ಅಂದರೆ ಹೊರಬರುವ ಸಂಕೇತದ ಒಂದು ಪಾಲನ್ನು ಒಳಗೆ ಮರಳಿಸಿ ದೋಷ ತಗ್ಗಿಸಿತು. ಅಷ್ಟು ಫೀಡ್‌ಬ್ಯಾಕ್ ಕೊಟ್ಟೂ ಆಂಪ್ಲಿಫೈಯರ್ ತಾನೇ ಕಿರುಚಲು ತೊಡಗಬಾರದೆಂದರೆ ಟ್ರಾನ್ಸ್‌ಫಾರ್ಮರ್ ಅಸಾಧಾರಣವಾಗಿರಬೇಕಿತ್ತು. 1951ರಲ್ಲಿ ಅಮೆರಿಕದ ಹ್ಯಾಫ್ಲರ್ ಮತ್ತು ಕೆರೋಸ್ ಅಲ್ಟ್ರಾಲೀನಿಯರ್ ಪದ್ಧತಿ ತಂದರು. ವಾಲ್ವ್‌ನೊಳಗಿನ ಸ್ಕ್ರೀನ್ ಗ್ರಿಡ್ ಎಂಬ ತಂತಿಜಾಲರಿಯನ್ನು ಅದೇ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುವಿನ ಒಂದು ತುದಿಗೆ ಕಟ್ಟಿದರು. ಅಲ್ಲಿಂದಾಚೆಗೆ ಧ್ವನಿಯ ಗುಣವನ್ನು ವಾಲ್ವ್‌ಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಕಬ್ಬಿಣ ಮತ್ತು ತಾಮ್ರ. ವಾದ ಮಾಡುವವರು ಮರೆಯುವುದು ಇದನ್ನೇ.

ವಾಲ್ವ್‌ಗೆ ಬೇಕಾದ ಹೊರೆ ಕೆಲವು ಸಾವಿರ ಓಮ್, ಸ್ಪೀಕರ್ ಇರುವುದು 8 ಓಮ್. ಇವೆರಡನ್ನೂ ಹೊಂದಿಸುವುದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಎರಡು ಇಎಲ್34 ಪವರ್ ವಾಲ್ವ್‌ಗಳಿಗೆ 4,300 ಓಮ್ ಎಂದಿಟ್ಟುಕೊಂಡರೆ ಸುರುಳಿಗಳ ಅನುಪಾತ ಸುಮಾರು 23ಕ್ಕೆ 1. ಮಂದ್ರ ಸ್ವರ ತುಂಬಿ ಬರಲು ದೊಡ್ಡ ಕಬ್ಬಿಣದ ತಿರುಳು, ಹೆಚ್ಚು ಸುತ್ತು ಬೇಕು. ಸುತ್ತು ಹೆಚ್ಚಿದಷ್ಟೂ ತಾರಸ್ವರ ಸೋರಿಹೋಗುತ್ತದೆ. ಆದ್ದರಿಂದ ಪ್ರೈಮರಿ (ವಾಲ್ವ್ ಕಡೆಯ ಸುರುಳಿ), ಸೆಕೆಂಡರಿ (ಸ್ಪೀಕರ್ ಕಡೆಯದು) ಎರಡನ್ನೂ ಪದರ ಪದರವಾಗಿ ಒಂದರ ನಡುವೆ ಒಂದು ಬರುವಂತೆ ಸುತ್ತಬೇಕು. ಇದು ಸಮಯ ಬೇಡುವ, ದುಬಾರಿ ಕೆಲಸ. ಒಳ್ಳೆಯ ಹಳೆಯ ಆಂಪ್ಲಿಫೈಯರ್ ಎತ್ತಿದಾಗ ಕೈ ಜಗ್ಗುವುದು ಈ ಕಾರಣಕ್ಕೆ.

ಅಮೆರಿಕದ ಡೈನಾಕೋ ಕಂಪನಿಯ 1959ರ ಆಂಪ್ಲಿಫೈಯರ್ ಸ್ಟೀರಿಯೋ 70ಯನ್ನೇ ನೋಡಿ. ಚಾನೆಲ್‌ಗೆ 35 ವ್ಯಾಟ್, ನಾಲ್ಕು ಇಎಲ್34, ಅವುಗಳ ಹಿಂದಿನ ಹಂತಕ್ಕೆ ಎರಡು ಸಣ್ಣ 7199 ವಾಲ್ವ್, ಎಸಿಯನ್ನು ಡಿಸಿ ಮಾಡಲು ಒಂದು ಜಿಝಡ್34 ರೆಕ್ಟಿಫೈಯರ್. ಮನೆಯಲ್ಲೇ ಜೋಡಿಸುವ ಕಿಟ್ ಆಗಿಯೂ ಸಿಗುತ್ತಿತ್ತು. ಬಯಾಸ್, ಅಂದರೆ ಸಂಗೀತವಿಲ್ಲದಾಗಲೂ ಪವರ್ ವಾಲ್ವ್‌ನಲ್ಲಿ ಹರಿಯುವ ವಿದ್ಯುತ್ತನ್ನು, ಹೊಂದಿಸಲು 15.6 ಓಮ್ ರೆಸಿಸ್ಟರಿನ ಮೇಲೆ 1.56 ವೋಲ್ಟ್ ಬರುವಂತೆ ತಿರುಗಿಸಿದರೆ ಮುಗಿಯಿತು. ಅಂದರೆ ಎರಡು ವಾಲ್ವ್ ಸೇರಿ 100 ಮಿಲಿಆಂಪಿಯರ್. ತೊಡಕು ಇರುವುದೂ ಇಲ್ಲೇ. ಒಂದು ವಾಲ್ವ್ 65, ಇನ್ನೊಂದು 35 ಎಳೆದರೂ ಮೀಟರ್ 1.56 ಎಂದೇ ತೋರಿಸುತ್ತದೆ. ಆಗ ಒಂದು ವಾಲ್ವ್ ಬೇಗ ಸವೆಯುತ್ತದೆ, ಟ್ರಾನ್ಸ್‌ಫಾರ್ಮರಿನ ಎರಡು ಅರ್ಧಗಳ ಡಿಸಿ ಒಂದನ್ನೊಂದು ರದ್ದು ಮಾಡದೆ ತಿರುಳು ತುಂಬಿಕೊಂಡು ಮಂದ್ರ ಸೊರಗುತ್ತದೆ. ಹಾಗಾಗಿ ಇದಕ್ಕೆ ಜೋಡಿ ಹೊಂದಿಸಿದ ವಾಲ್ವ್‌ಗಳೇ ಬೇಕು. ಈಗ ಪ್ರತಿ ವಾಲ್ವ್‌ನ ಕ್ಯಾಥೋಡ್‌ಗೂ (ಎಲೆಕ್ಟ್ರಾನ್ ಹೊರಡುವ ಭಾಗ) ಬೇರೆಯಾಗಿ 10 ಓಮ್ ರೆಸಿಸ್ಟರ್ ಹಾಕಿ, ಒಂದೊಂದರಲ್ಲೂ 0.4 ವೋಲ್ಟ್, ಅಂದರೆ 40 ಮಿಲಿಆಂಪಿಯರ್ ಇಡುವವರು ಹೆಚ್ಚು. ಇಎಲ್34 ಪ್ಲೇಟ್‌ನ (ಎಲೆಕ್ಟ್ರಾನ್ ಬಂದು ಸೇರುವ ಭಾಗ) ಮಿತಿ 25 ವ್ಯಾಟ್, 40 ಮಿಲಿಆಂಪಿಯರ್ ಇಟ್ಟರೆ ಅದಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ಮುಖ್ಯ ವಿದ್ಯುತ್ತಿನ ವೋಲ್ಟೇಜ್ ಅಂದಿಗಿಂತ ಏರಿರುವಾಗ ಆ ಅಂತರ ಬೇಕೇ ಬೇಕು.

ಅರವತ್ತರ ದಶಕದ ನಡುವಿಗೆ ಟ್ರಾನ್ಸಿಸ್ಟರ್ ಬಂತು, ವಾಲ್ವ್ ಆಂಪ್ಲಿಫೈಯರ್ ಅಟ್ಟ ಸೇರಿತು. ವಾಲ್ವ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅಟ್ಟದಲ್ಲಿದ್ದ ದಶಕಗಳಲ್ಲಿ ಟ್ರಾನ್ಸ್‌ಫಾರ್ಮರ್ ಹೆಚ್ಚೇನೂ ಮುಪ್ಪಾಗಲಿಲ್ಲ, ಉಳಿದದ್ದು ಮುಪ್ಪಾಯಿತು. ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಒಣಗಿತು. ಕಾರ್ಬನ್ ರೆಸಿಸ್ಟರುಗಳ ಓಮ್ ಏರಿತು. ಬಯಾಸ್ ಕೊಡುವ ಸೆಲೆನಿಯಂ ಡಯೋಡ್ ದುರ್ಬಲವಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಎರಡು ಹಂತಗಳ ನಡುವಿನ ಕಪ್ಲಿಂಗ್ ಕೆಪಾಸಿಟರ್ ಸೋರುವುದು. ಹಿಂದಿನ ಹಂತದ ಇನ್ನೂರು ಮುನ್ನೂರು ವೋಲ್ಟ್ ಡಿಸಿಯನ್ನು ತಡೆಯಬೇಕಾದ ಅದು ನಾಲ್ಕೈದು ವೋಲ್ಟ್ ಬಿಟ್ಟುಕೊಟ್ಟರೂ ಪವರ್ ವಾಲ್ವ್‌ನ ಗ್ರಿಡ್ ಹಿಡಿತ ತಪ್ಪುತ್ತದೆ, ಪ್ಲೇಟ್ ಕೆಂಪಗೆ ಕಾಯುತ್ತದೆ, ಕೊನೆಗೆ ಸುಡುವುದು ಟ್ರಾನ್ಸ್‌ಫಾರ್ಮರ್.

ಇಂಥದ್ದನ್ನು ಕೊಂಡ ದಿನವೇ ಪ್ಲಗ್‌ಗೆ ಚುಚ್ಚಬಾರದು. ಮೊದಲು ಬದಲಿಸಬೇಕಾದ್ದು, ಹಾಕಬೇಕಾದ್ದು: ಎಲೆಕ್ಟ್ರೊಲೈಟಿಕ್‌ಗಳು, ಕಪ್ಲಿಂಗ್ ಕೆಪಾಸಿಟರುಗಳು (0.1 ಮೈಕ್ರೊಫ್ಯಾರಡ್, 630 ವೋಲ್ಟ್‌ನ ಫಿಲ್ಮ್), ಸೆಲೆನಿಯಂ ಬದಲು ಸಿಲಿಕಾನ್ ಡಯೋಡ್, ಅರ್ತ್ ಇರುವ ಮೂರು ತಂತಿಯ ಕೇಬಲ್, ಫ್ಯೂಸ್. ಜಿಝಡ್34 ಆದ ಮೇಲಿನ ಮೊದಲ ಕೆಪಾಸಿಟರ್ 60 ಮೈಕ್ರೊಫ್ಯಾರಡ್ ಮೀರಬಾರದು. ದೊಡ್ಡದು ಹಾಕಿದರೆ ಹಮ್ (ವಿದ್ಯುತ್ತಿನ ಗುಂಯ್ ಸದ್ದು) ಹೋಗುತ್ತದೆಂದು ನಂಬಿ ರೆಕ್ಟಿಫೈಯರ್ ಕಳೆದುಕೊಂಡವರು ಬಹಳ. ಆಮೇಲೆ ಪವರ್ ವಾಲ್ವ್, ರೆಕ್ಟಿಫೈಯರ್ ಎರಡನ್ನೂ ತೆಗೆದು, 100 ವ್ಯಾಟ್‌ನ ತಂತಿ ಬಲ್ಬನ್ನು ಸರಣಿಯಲ್ಲಿಟ್ಟು ಚಾಲೂ ಮಾಡಿ, ಇಎಲ್34 ಸಾಕೆಟ್ಟಿನ 5ನೇ ಪಿನ್‌ನಲ್ಲಿ (ಗ್ರಿಡ್) ಬಯಾಸ್‌ನ ಋಣ ವೋಲ್ಟೇಜ್ ಇದೆಯೇ ನೋಡಬೇಕು. ಪೂರ್ತಿ ವಿದ್ಯುತ್ತಿನಲ್ಲಿ ಅದು −35ರ ಆಸುಪಾಸು ಬರುತ್ತದೆ. ಅದಿಲ್ಲದೆ ಪವರ್ ವಾಲ್ವ್ ಚುಚ್ಚಲೇಬಾರದು. ಒಳಗೆ 400 ವೋಲ್ಟ್‌ಗೂ ಮೇಲೆ ಇರುತ್ತದೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕುವುದು.

1970ರಲ್ಲಿ ಅಮೆರಿಕದಲ್ಲಿ ಆಡಿಯೊ ರಿಸರ್ಚ್ ಎಂಬ ಕಂಪನಿ ಶುರುವಾದಾಗ ವಾಲ್ವ್ ಮತ್ತೆ ತಲೆಯೆತ್ತಿತು. ಜಪಾನಿನ ಆಸಕ್ತರು ಜೋಡಿಯಿಲ್ಲದೆ ಒಂದೇ ವಾಲ್ವ್ ಸ್ಪೀಕರ್ ನಡೆಸುವ, 8 ವ್ಯಾಟ್‌ನ 300ಬಿ ಸಿಂಗಲ್ ಎಂಡೆಡ್ ಪದ್ಧತಿಯನ್ನು ಜೀವಂತ ಇಟ್ಟರು. ಇಂದಿನವುಗಳಲ್ಲಿ ಒಳ್ಳೆಯದು ಬಹಳ ಇದೆ: ಹಮ್ ಕಡಿಮೆ, ಅರ್ತಿಂಗ್ ಸರಿ, ಎಷ್ಟೋ ಮಾದರಿಗಳಲ್ಲಿ ಬಯಾಸ್ ತಾನೇ ಹೊಂದಿಕೊಳ್ಳುತ್ತದೆ. ಕೆಡುವ ಜಾಗಗಳೂ ಹೊಸವು. ಪವರ್ ವಾಲ್ವ್‌ನ ಸಾಕೆಟ್ಟನ್ನು ನೇರ ಸರ್ಕ್ಯೂಟ್ ಬೋರ್ಡಿಗೇ ಬೆಸೆದಿದ್ದರೆ ಕಾದು ತಣಿದು ಬೆಸುಗೆ ಬಿರುಕು ಬಿಡುತ್ತದೆ. ಸಾಕೆಟ್ ಚಾಸಿಗೆ ಕೂತಿದ್ದರೆ ಆ ಭಯ ಕಡಿಮೆ. ಅಗ್ಗದವುಗಳಲ್ಲಿ ಮೊದಲು ಕತ್ತರಿ ಬೀಳುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ. ಹೇಳಿದ ವ್ಯಾಟ್ 1,000 ಹರ್ಟ್ಸ್‌ನಲ್ಲಿ ಸಿಗುತ್ತದೆ, 30 ಹರ್ಟ್ಸ್‌ನಲ್ಲಿ ಅರ್ಧವೂ ಸಿಗದಿರಬಹುದು. ಮುಂದೆ ವಾಲ್ವ್ ಬೆಳಗುತ್ತಾ, ಸ್ಪೀಕರನ್ನು ಒಂದು ಚಿಪ್ ನಡೆಸುವ ಮಾದರಿಗಳೂ ಇವೆ. ತೂಕ ಮತ್ತು ಮಂದ್ರದ ವ್ಯಾಟ್, ಇವೆರಡನ್ನು ಕೇಳಿ ಕೊಳ್ಳುವುದು ಕ್ಷೇಮ.

ವಾಲ್ವ್ ಪೂರೈಕೆಯಲ್ಲಿ ಹಳೆಯದು ಕೊಂಡವರಿಗೂ ಹೊಸದು ಕೊಂಡವರಿಗೂ ಒಂದೇ ಕಷ್ಟ. ತಯಾರಿಕೆ ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ. 2022ರಲ್ಲಿ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ಅದರ ಬಿಸಿ ಎಲ್ಲರಿಗೂ ತಟ್ಟಿತು. ಆದರೂ ವಾಲ್ವ್ ಸವೆದರೆ ಬದಲಿಸಬಹುದು. ಹಳೆಯದನ್ನು ಕೊಳ್ಳುವವರು ಪರೀಕ್ಷಿಸಬೇಕಾದ್ದು ಟ್ರಾನ್ಸ್‌ಫಾರ್ಮರನ್ನು. ಪ್ಲಗ್, ಸ್ಪೀಕರ್, ವಾಲ್ವ್ ಎಲ್ಲ ತೆಗೆದು, 8 ಓಮ್ ತುದಿಗೆ ಬೇರೊಂದು ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 6.3 ವೋಲ್ಟ್ ಎಸಿಯನ್ನು ಫ್ಯೂಸ್ ಮೂಲಕ ಕೊಡಿ. 4,300 ಓಮ್‌ನ ಪ್ರೈಮರಿಯಲ್ಲಿ ಒಂದು ಪ್ಲೇಟ್‌ನಿಂದ ಇನ್ನೊಂದಕ್ಕೆ ಸುಮಾರು 145 ವೋಲ್ಟ್, ನಡುವಿನ ತುದಿಯಿಂದ ಎರಡೂ ಕಡೆಗೆ ಸಮನಾಗಿ 72–73 ಬರಬೇಕು. ಮುಟ್ಟಿದರೆ ಹೊಡೆಯುವಷ್ಟಿರುತ್ತದೆ, ಎಚ್ಚರ. ಒಂದು ಬದಿ ಸತ್ತಿದ್ದರೆ ಸುರುಳಿ ತುಂಡಾಗಿದೆ. ಎರಡೂ ಕುಸಿದು ಫ್ಯೂಸ್ ಹಾರಿದರೆ ಸುತ್ತುಗಳು ಒಳಗೇ ಒಂದಕ್ಕೊಂದು ತಗುಲಿವೆ. ಆ ಆಂಪ್ಲಿಫೈಯರನ್ನು ಅಲ್ಲೇ ಬಿಟ್ಟು ಬನ್ನಿ.