ತಪ್ಪು ಮಾಡಿದವರ ಪಕ್ಕದಲ್ಲೂ ನೌಕರರ ಸಂಘ ಕೂರುವುದೇಕೆ?

ಪ್ರಶ್ನೆ: ನಾನು ಅಮೆರಿಕದ ಒಂದು ರಾಜ್ಯ ಸರ್ಕಾರದ ಇಲಾಖೆಯಲ್ಲಿ ನೌಕರ. ಸಂಘಕ್ಕೆ ತಪ್ಪದೆ ಚಂದಾ ಕಟ್ಟುತ್ತೇನೆ. ನಮ್ಮ ವಿಭಾಗದ ಒಬ್ಬರು ಹಾಜರಿಯಲ್ಲಿ ಸುಳ್ಳು ಲೆಕ್ಕ ಬರೆದು ಸಿಕ್ಕಿಬಿದ್ದಿದ್ದಾರೆ. ಇಡೀ ಕಚೇರಿಗೆ ಅದು ಗೊತ್ತು. ಆದರೂ ವಿಚಾರಣೆಯ ದಿನ ಸಂಘದ ಪ್ರತಿನಿಧಿ ಅವರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನನ್ನ ದುಡ್ಡಿನಲ್ಲಿ ಕಳ್ಳನಿಗೆ ಕಾವಲೇ?

ಉತ್ತರ: ಸಿಟ್ಟು ಸಹಜ. ಆದರೆ ‘ಇಡೀ ಕಚೇರಿಗೆ ಗೊತ್ತು’ ಎಂದಿದ್ದೀರಲ್ಲ, ಆ ಮಾತಿನ ಬಳಿ ಒಂದು ಗಳಿಗೆ ನಿಲ್ಲೋಣ. ಪ್ರತಿನಿಧಿಗೆ ಆ ಕುರ್ಚಿ ಸಿಕ್ಕಿದ್ದೇ ಹೀಗೆ ‘ಗೊತ್ತಾಗಿದ್ದ’ ಒಂದು ಕಳ್ಳತನದಿಂದ.

1972ರ ಜೂನ್. ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಅಂಗಡಿಯೊಂದರ ಊಟದ ಕೌಂಟರಿನಲ್ಲಿದ್ದ ಮಹಿಳೆಯನ್ನು ಮ್ಯಾನೇಜರ್ ಒಳಗೆ ಕರೆಸಿದರು. ಆಕೆ 2.98 ಡಾಲರಿನ ಚಿಕನ್ ಡಬ್ಬ ತೆಗೆದುಕೊಂಡು ಒಂದೇ ಡಾಲರ್ ಕಟ್ಟಿದ್ದಾರೆಂದು ಜೊತೆಯವರೇ ಚಾಡಿ ಹೇಳಿದ್ದರು. ಸಂಘದ ಪ್ರತಿನಿಧಿಯನ್ನು ಕರೆಯಿಸಿ ಎಂದು ಆಕೆ ಮತ್ತೆ ಮತ್ತೆ ಕೇಳಿದರೂ ಮ್ಯಾನೇಜರ್ ಒಪ್ಪಲಿಲ್ಲ. ಒಂದು ಡಾಲರಿನ ನಾಲ್ಕು ತುಂಡು ಕೊಂಡೆ, ಚಿಕ್ಕ ಡಬ್ಬ ಮುಗಿದಿದ್ದರಿಂದ ದೊಡ್ಡದರಲ್ಲಿ ಹಾಕಿಕೊಂಡೆ ಎಂದು ಆಕೆ ಹೇಳಿದರು. ವಿಚಾರಿಸಿದಾಗ ಅದು ನಿಜವೆಂದು ತಿಳಿಯಿತು, ಕ್ಷಮೆಯನ್ನೂ ಕೇಳಲಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟು ಹೊತ್ತು ಒಬ್ಬಂಟಿಯಾಗಿ ಉತ್ತರಿಸಿ ಬಳಲಿದ್ದ ಆಕೆ ಅಳುತ್ತಾ, ನಾನು ಇಲ್ಲಿ ಪುಕ್ಕಟೆ ಪಡೆದದ್ದು ಮಧ್ಯಾಹ್ನದ ಊಟ ಮಾತ್ರ ಎಂದುಬಿಟ್ಟರು. ತಕ್ಷಣ ಎರಡನೆಯ ವಿಚಾರಣೆ. ಮತ್ತೆ ಪ್ರತಿನಿಧಿಗಾಗಿ ಕೇಳಿದರು, ಮತ್ತೆ ಇಲ್ಲ ಎನ್ನಿಸಿಕೊಂಡರು. ಸುಮಾರು 160 ಡಾಲರ್ ಬಾಕಿಯಿದೆ ಎಂಬ ಹೇಳಿಕೆಗೆ ಸಹಿ ಹಾಕಿ ಎಂದಾಗ ಆಕೆ ಒಪ್ಪಲಿಲ್ಲ. ಆಮೇಲೆ ಕಂಪನಿಯ ಮುಖ್ಯ ಕಚೇರಿಗೆ ಫೋನ್ ಮಾಡಿ ಕೇಳಿದರೆ, ಪುಕ್ಕಟೆ ಊಟ ಮಾಡಬಾರದೆಂಬ ನಿಯಮ ಆ ಕೌಂಟರಿಗೆ ಇದೆಯೋ ಇಲ್ಲವೋ ಎಂಬುದು ಅವರಿಗೂ ಖಚಿತವಿರಲಿಲ್ಲ! ಅಲ್ಲಿನ ಉಳಿದವರೂ ಹಾಗೆಯೇ ಉಣ್ಣುತ್ತಿದ್ದರು.

1975ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಶಿಕ್ಷೆಗೆ ದಾರಿಯಾಗಬಹುದಾದ ವಿಚಾರಣೆಯಲ್ಲಿ ಪಕ್ಕಕ್ಕೆ ಪ್ರತಿನಿಧಿ ಬೇಕೆಂದು ನೌಕರ ಕೇಳಬಹುದು. ಕಂಪನಿಯ ಹೆಸರಿನಿಂದ ಇದನ್ನು ‘ವೈನ್‌ಗಾರ್ಟನ್ ಹಕ್ಕು’ ಎನ್ನುತ್ತಾರೆ. ಮೊಕದ್ದಮೆ ಖಾಸಗಿ ಅಂಗಡಿಯದು. ಆದರೆ 1978ರ ನಾಗರಿಕ ಸೇವಾ ಸುಧಾರಣಾ ಕಾಯ್ದೆ ಇದೇ ಹಕ್ಕನ್ನು ಕೇಂದ್ರ ಸರ್ಕಾರದ ನೌಕರರಿಗೂ ಕೊಟ್ಟಿತು. ಅನೇಕ ರಾಜ್ಯಗಳು ತಮ್ಮ ಕಾನೂನಿನಲ್ಲಿ ಇಂಥದ್ದನ್ನೇ ಅಳವಡಿಸಿಕೊಂಡಿವೆ. ಸಾಮಾನ್ಯವಾಗಿ ಈ ಹಕ್ಕನ್ನು ನೌಕರನೇ ಬಾಯಿಬಿಟ್ಟು ಕೇಳಬೇಕು, ಸುಮ್ಮನಿದ್ದರೆ ಸಿಗುವುದಿಲ್ಲ.

ಸರಿ, ಆಕೆ ನಿರಪರಾಧಿ. ನಿಮ್ಮ ಸಹೋದ್ಯೋಗಿ ಹಾಗಲ್ಲ ಎನ್ನುತ್ತೀರಿ. ಹಾಗಾದರೆ ನಿಜವಾಗಿಯೂ ತಪ್ಪಿದ್ದ ಒಬ್ಬರ ಕಥೆ ಕೇಳಿ.

ಓಹಾಯೋದ ಕ್ಲೀವ್‌ಲ್ಯಾಂಡ್ ಶಿಕ್ಷಣ ಮಂಡಳಿ 1979ರಲ್ಲಿ ಜೇಮ್ಸ್ ಲೌಡರ್‌ಮಿಲ್ ಎಂಬವರನ್ನು ಕಾವಲುಗಾರರಾಗಿ ನೇಮಿಸಿಕೊಂಡಿತು. ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಿಲ್ಲ ಎಂದು ಅವರು ಅರ್ಜಿಯಲ್ಲಿ ಬರೆದಿದ್ದರು. 1968ರಲ್ಲಿ ಕಳ್ಳತನದ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು ಎಂಬುದು ಮುಂದಿನ ವರ್ಷ ಗೊತ್ತಾಯಿತು. ಒಂದು ಮಾತೂ ಕೇಳದೆ, ಪತ್ರ ಕಳಿಸಿ ವಜಾ ಮಾಡಿದರು. ಅದು ಸಣ್ಣ ಅಪರಾಧದ ವರ್ಗಕ್ಕೆ ಸೇರುತ್ತದೆಂದು ತಿಳಿದಿದ್ದೆ ಎಂಬುದು ಅವರ ವಿವರಣೆ. ಅದನ್ನು ಹೇಳಿಕೊಳ್ಳಲು ಅವರಿಗೆ ಅವಕಾಶ ಸಿಕ್ಕಿದ್ದು ಕೆಲಸ ಹೋದ ಮೇಲೆ.

1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನ್ಯಾಯಯುತ ಕಾರಣವಿಲ್ಲದೆ ತೆಗೆಯುವಂತಿಲ್ಲ ಎಂಬ ಭದ್ರತೆ ಕಾನೂನಿನಿಂದ ಸಿಕ್ಕಿರುವ ಸರ್ಕಾರಿ ನೌಕರನಿಗೆ, ತೆಗೆಯುವ ಮೊದಲೇ ಆರೋಪವೇನೆಂದು ತಿಳಿಸಬೇಕು, ಸಾಕ್ಷ್ಯವೇನೆಂದು ವಿವರಿಸಬೇಕು, ಅವನ ಮಾತು ಕೇಳಬೇಕು. ದೊಡ್ಡ ವಿಚಾರಣೆಯೇ ಬೇಕೆಂದಿಲ್ಲ. ತೀರ್ಪಿನಲ್ಲಿ ನನಗೆ ಮುಖ್ಯವೆನಿಸುವ ಭಾಗ ಇನ್ನೊಂದಿದೆ. ನಡೆದದ್ದೇನು ಎಂಬುದರಲ್ಲಿ ತಕರಾರಿಲ್ಲದಿದ್ದರೂ, ಅದಕ್ಕೆ ವಜಾ ಮಾಡುವುದು ತಕ್ಕ ಶಿಕ್ಷೆಯೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಪತ್ರ ಅಂಚೆಗೆ ಬೀಳುವ ಮೊದಲೇ ಆ ಪ್ರಶ್ನೆ ಎತ್ತಿದರೆ ಉಪಯೋಗ.

ನಿಮ್ಮ ಪ್ರತಿನಿಧಿ ಆ ಕುರ್ಚಿಯಲ್ಲಿ ಕೂತದ್ದು ಈ ಪ್ರಶ್ನೆಗಾಗಿ. ಹಾಜರಿಯಲ್ಲಿ ಹತ್ತು ನಿಮಿಷ ಹೆಚ್ಚು ಬರೆದದ್ದೋ, ಹತ್ತು ದಿನವೋ? ಇದೇ ತಪ್ಪಿಗೆ ಹೋದ ವರ್ಷ ಇನ್ನೊಬ್ಬರನ್ನು ಎಚ್ಚರಿಕೆ ಕೊಟ್ಟು ಬಿಟ್ಟಿದ್ದರೋ? ಮೇಲಧಿಕಾರಿಯೇ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರೋ? ಕೂತು ಏನು ಮಾಡುತ್ತಾರೆಂದರೆ, ಹೆಚ್ಚಿನ ಹೊತ್ತು ಬರೆದುಕೊಳ್ಳುತ್ತಾರೆ. ಯಾರು ಏನು ಕೇಳಿದರು, ಉತ್ತರವೇನು, ಎಷ್ಟು ಗಂಟೆಗೆ. ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಬಂದರೆ ಬಿಡಿಸಿ ಕೇಳಿ ಎನ್ನುತ್ತಾರೆ. ನೌಕರ ತಡವರಿಸಿದರೆ ಐದು ನಿಮಿಷ ಹೊರಗೆ ಹೋಗಿ ಮಾತಾಡಿ ಬರುತ್ತೇವೆ ಎನ್ನುತ್ತಾರೆ. ಸುಳ್ಳು ಹೇಳು ಎಂದು ಹೇಳಿಕೊಡುವ ಹಕ್ಕು ಅವರಿಗಿಲ್ಲ, ವಿಚಾರಣೆ ನಡೆಯದಂತೆ ಗದ್ದಲ ಎಬ್ಬಿಸುವ ಹಕ್ಕೂ ಇಲ್ಲ.

ಇನ್ನು ಆ ಐದು ನಿಮಿಷ. ಒಳ್ಳೆಯ ನಾಯಕರು ಯಾರೆಂದು ತಿಳಿಯುವುದು ವೇದಿಕೆಯ ಭಾಷಣದಿಂದಲ್ಲ, ಓಣಿಯಲ್ಲಿ ತಗ್ಗಿದ ದನಿಯಲ್ಲಿ ಆಡುವ ಈ ಮಾತಿನಿಂದ ಎಂದು ನಾನು ನಂಬುತ್ತೇನೆ. ‘ದಾಖಲೆ ಪಕ್ಕಾ ಇದೆ, ಇದು ಗೆಲ್ಲುವ ಕೇಸಲ್ಲ, ಒಪ್ಪಿಕೊಳ್ಳಿ, ಕೆಲಸ ಉಳಿಯುವಂತೆ ಏನಾದರೂ ಮಾಡೋಣ’ ಎಂದು ಸದಸ್ಯನ ಮುಖಕ್ಕೆ ಹೇಳಲು ಎದೆಗಾರಿಕೆ ಬೇಕು. ನಾಳೆ ಅವರ ಮತವೂ ಬೇಕಾಗುತ್ತದಲ್ಲ! ಇಂಥ ಪ್ರಕರಣಗಳಲ್ಲಿ ಕೆಲವು ‘ಕೊನೆಯ ಅವಕಾಶದ ಒಪ್ಪಂದ’ದಲ್ಲಿ ಮುಗಿಯುತ್ತವೆ: ಶಿಕ್ಷೆ ಒಪ್ಪಿಕೊಂಡು ಕೆಲಸದಲ್ಲಿ ಉಳಿಯುವುದು, ಮತ್ತೆ ಅದೇ ತಪ್ಪಾದರೆ ನೇರ ಮನೆಗೆ. ಇದು ಸೂಚನಾ ಫಲಕದಲ್ಲಿ ಬರುವುದಿಲ್ಲ. ಹಾಗಾಗಿ ಹೊರಗಿದ್ದವರಿಗೆ ಸಂಘ ಅವನನ್ನು ‘ಬಚಾವು ಮಾಡಿತು’ ಎಂದಷ್ಟೇ ಕಾಣುತ್ತದೆ.

ಹಾಗೆಂದು ಪ್ರತಿಯೊಬ್ಬರ ದೂರನ್ನೂ ಸಂಘ ಕಡೆಯವರೆಗೆ ಹೊತ್ತು ಸಾಗಬೇಕೆಂಬ ನಿಯಮವಿಲ್ಲ. ಕಾನ್ಸಾಸ್ ಸಿಟಿಯ ಮಾಂಸ ಸಂಸ್ಕರಣಾ ಕಾರ್ಖಾನೆಯೊಂದರಲ್ಲಿ ರಕ್ತದೊತ್ತಡದ ಕಾರಣಕ್ಕೆ ಒಬ್ಬ ಕೆಲಸಗಾರನನ್ನು ತೆಗೆದಿದ್ದರು. ಸಂಘ ಒಂದೊಂದೇ ಮೆಟ್ಟಿಲು ಹತ್ತಿ ವಾದಿಸಿತು, ತನ್ನ ಖರ್ಚಿನಲ್ಲಿ ಮತ್ತೊಬ್ಬ ವೈದ್ಯರ ಬಳಿ ಕಳಿಸಿತು. ಆ ವರದಿಯೂ ಅನುಕೂಲವಾಗಿ ಬರದಿದ್ದಾಗ, ಕೊನೆಯ ತೀರ್ಮಾನ ಕೊಡುವ ಹೊರಗಿನ ಮಧ್ಯಸ್ಥಗಾರರ ಬಳಿಗೆ ಒಯ್ಯುವುದಿಲ್ಲ ಎಂದಿತು. ಆತ ಸಂಘದ ಮೇಲೆಯೇ ದಾವೆ ಹೂಡಿದ. 1967ರಲ್ಲಿ ಸುಪ್ರೀಂ ಕೋರ್ಟ್ ಸಂಘದ ನಿರ್ಧಾರ ಸರಿ ಎಂದಿತು. ಮನಸ್ಸಿಗೆ ಬಂದಂತೆ, ತಾರತಮ್ಯದಿಂದ ಅಥವಾ ದುರುದ್ದೇಶದಿಂದ ಕೈಬಿಟ್ಟರೆ ಮಾತ್ರ ಸಂಘ ತಪ್ಪಿತಸ್ಥ. ‘ನ್ಯಾಯಯುತ ಪ್ರಾತಿನಿಧ್ಯದ ಕರ್ತವ್ಯ’ ಎನ್ನುವುದು ಇದಕ್ಕೇ, ರಾಜ್ಯಗಳ ಸರ್ಕಾರಿ ನೌಕರರ ಕಾನೂನುಗಳಲ್ಲೂ ಇದರ ನೆರಳಿದೆ. ಅಂದರೆ ಮುಖ ನೋಡಿ ಮಣೆ ಹಾಕುವಂತಿಲ್ಲ. ಚಂದಾ ಕಟ್ಟದವರಿಗೂ ಈ ಕರ್ತವ್ಯ ಬಹುಪಾಲು ಸಲ್ಲುತ್ತದೆ. ಸುಪ್ರೀಂ ಕೋರ್ಟಿನ 2018ರ ಜೇನಸ್ ತೀರ್ಪಿನ ನಂತರ ಸದಸ್ಯರಲ್ಲದ ಸರ್ಕಾರಿ ನೌಕರರಿಂದ ಸಂಘ ಯಾವ ಶುಲ್ಕವನ್ನೂ ಕಡ್ಡಾಯವಾಗಿ ಪಡೆಯುವಂತಿಲ್ಲ. ನಿಮ್ಮ ದುಡ್ಡಿನ ಬಗ್ಗೆ ಸಿಟ್ಟು ಮಾಡಿಕೊಳ್ಳುವುದಾದರೆ, ಹಾಜರಿಯ ಪ್ರಕರಣಕ್ಕಿಂತ ಇದು ಹೆಚ್ಚು ಅರ್ಹವಾದ ಕಾರಣ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ಕೆಲವು ಸಂಘಗಳ ಪದಾಧಿಕಾರಿಗಳು ಕಿರುಕುಳದ ಪ್ರಕರಣದಲ್ಲೂ ಆರೋಪಿಯ ಪರವಾಗಿ ತೋಳೇರಿಸುತ್ತಾರೆ, ದೂರು ಕೊಟ್ಟ ಮಹಿಳೆಯೂ ತಮ್ಮ ಸದಸ್ಯೆ ಎಂಬುದನ್ನೇ ಮರೆಯುತ್ತಾರೆ. ಅಂಥ ಕಡೆ ಇಬ್ಬರಿಗೂ ಬೇರೆ ಬೇರೆ ಪ್ರತಿನಿಧಿಗಳನ್ನು ಕೊಡಬೇಕು, ಅವರಿಬ್ಬರೂ ಕಡತವನ್ನು ಹಂಚಿಕೊಳ್ಳಬಾರದು. ಇದನ್ನು ಮಾಡದ ನಾಯಕರಿಗೆ ಮೇಲಿನ ಯಾವ ತೀರ್ಪೂ ನೆಪವಾಗುವುದಿಲ್ಲ.

ನಿಮ್ಮ ವಿಭಾಗದ ಪ್ರಕರಣಕ್ಕೆ ಮರಳಿ ಬಂದರೆ, ಆ ಪ್ರಾತಿನಿಧ್ಯ ನಿಲ್ಲಿಸಿ ಎಂದು ಕೇಳುವ ಅಧಿಕಾರ ನಿಮಗಿಲ್ಲ, ಇರಲೂಬಾರದು. ಆದರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿ: ಈ ವರ್ಷ ಎಷ್ಟು ದೂರುಗಳನ್ನು ಸಂಘ ಎತ್ತಿಕೊಂಡಿತು, ಎಷ್ಟು ರಾಜಿಯಾದವು, ಎಷ್ಟನ್ನು ಕೈಬಿಟ್ಟಿರಿ, ಕೈಬಿಡಬೇಕೆಂದು ನಿರ್ಧರಿಸುವವರು ಯಾರು, ಮಧ್ಯಸ್ಥಗಾರರಿಗೆ ಎಷ್ಟು ಹಣ ಹೋಯಿತು. ಸಹೋದ್ಯೋಗಿಯ ಹೆಸರು ಹಿಡಿದು ಮಾತ್ರ ಕೇಳಬೇಡಿ. ಹಾಗೆ ಯಾರಾದರೂ ಕೇಳಿದಾಗ ಪ್ರತಿನಿಧಿ ಕಡತ ಬಿಚ್ಚಿ ಎಲ್ಲವನ್ನೂ ಹೇಳಿಬಿಟ್ಟರೆ, ಮುಂದಿನ ಚುನಾವಣೆಯಲ್ಲಿ ಅವರಿಗೆ ಮತ ಹಾಕಬೇಡಿ.